ಕಾಖಂಡಕಿಗೆ ಹೋದ ಹನ್ನೊಂದು ಕುಬಸ

ಸೊಲ್ಲಾಪುರ ರಸ್ತೆ, ವಿಜಾಪುರ
ಸೋಮವಾರ, 9-5-1977

ಪ್ರೀತಿಯ ಅಬ್ಬಾ,

ನಿಮಗೂ ನಿಮ್ಮ ಸಿಟ್ಟಿಗೂ ಮಗಳು ನಜಮಾಳ ಸಲಾಂ. ಮೊಣಕಾಲು ನೋವು ಹೇಗಿದೆ? ಸೊಲ್ಲಾಪುರದ ನೀರು ನಿಮ್ಮ ಹೊಟ್ಟೆಗೆ ಆಗಿಬರುವುದಿಲ್ಲ, ಹಾಜಿರಾಬಿ ಅತ್ತೆಗೆ ಹೇಳಿ ಕುದಿಸಿ ಆರಿಸಿದ ನೀರನ್ನೇ ಕುಡಿಯಿರಿ. ತಂಗಿಯ ಮನೆಯೆಂದು ಸಂಕೋಚಪಟ್ಟು ಖಾರ ಹೆಚ್ಚಾದರೂ ಸುಮ್ಮನೆ ಉಣ್ಣುತ್ತೀರಿ, ಆಮೇಲೆ ಎದೆ ಉರಿ ಎಂದು ಒದ್ದಾಡುತ್ತೀರಿ, ನನಗೆ ಗೊತ್ತಿಲ್ಲವೇ? ಇಲ್ಲಿ ಅಮ್ಮ ಆರಾಮ ಇದ್ದಾಳೆ. ನಿಮ್ಮ ಮೇಲೆ ಸಿಟ್ಟಾಗಿದ್ದಾಳೆ, ನನ್ನ ಮೇಲೂ ಸಿಟ್ಟಾಗಿದ್ದಾಳೆ, ಹೀಗಾಗಿ ಅವಳು ಮಾತಾಡುವುದು ಪಕ್ಕದ ಮನೆಯ ಆಡಿನ ಕೂಡ ಮಾತ್ರ. ಆದರೂ ದಿನಾ ಒಬ್ಬರ ಪಾಲಿನ ರೊಟ್ಟಿ ಹೆಚ್ಚಿಗೆ ಬಡಿಯುತ್ತಾಳೆ. ಅದನ್ನು ನಾನೇ ತಿನ್ನಬೇಕಾಗಿದೆ. ನೀವು ಬೇಗ ಬರದಿದ್ದರೆ ನನ್ನ ಕುಬಸಗಳನ್ನೇ ಬಿಚ್ಚಿ ದೊಡ್ಡದು ಮಾಡಿಕೊಳ್ಳಬೇಕಾದೀತು.

ಈ ಪತ್ರವನ್ನು ಅಲ್ಲಿ ಅತ್ತೆಯ ಮಗ ಬುಡ್ಡೇಸಾಬಣ್ಣ ಗಟ್ಟಿಯಾಗಿ ಓದಿ ಹೇಳುತ್ತಾನೆ, ಅತ್ತೆ ಬಾಗಿಲ ಬಳಿ ಕೂತು ಕೇಳುತ್ತಾರೆ. ಕೇಳಲಿ. ಬುಡ್ಡೇಸಾಬಣ್ಣಾ, ನಿನಗೂ ಸಲಾಂ. ನೀನು ಅಬ್ಬಾನ ಪರವಾಗಿ ಬರೆದ ಕಾಗದ ಶುಕ್ರವಾರ ಬಂತು. 'ಇನ್ನ ಮುಂದ ಕತ್ತರಿ ಮುಟ್ಟಂಗಿಲ್ಲ ಅಂತ ಬರದು ಸಹಿ ಮಾಡಿ ಕಳಸು. ಇಲ್ಲಾಂದ್ರ ಮಾಮಾ ಇಲ್ಲೇ ನನ್ನ ಅಂಗಡ್ಯಾಗ ಕುಂಡರತಾರ, ವಿಜಾಪುರದ ಅಂಗಡಿ ಕೀಲಿ ನನ್ನ ಕೈಯಾಗ ಕೊಡತಾರ' ಎಂದು ಬರೆದಿದ್ದೀಯ. ಬರುವ ಗುರುವಾರ ಯಾವುದೋ ದೊಡ್ಡ ಸೇಠರ ಮಗನ ಮದುವೆಯ ಸಫಾರಿ ಬಟ್ಟೆಗಳನ್ನೆಲ್ಲ ಮಾಮಾನ ಕೈಯಿಂದಲೇ ಕತ್ತರಿಸುತ್ತೇವೆಂದೂ ಬಡಾಯಿ ಕೊಚ್ಚಿದ್ದೀಯ. ನಿನ್ನ ಅಕ್ಷರ ಚೆನ್ನಾಗಿದೆ. ಉಳಿದದ್ದು ನನಗೆ ಹಿಡಿಸಲಿಲ್ಲ. ಬರೆದು ಸಹಿ ಮಾಡಬೇಕಂತೆ, ಇಗೋ ಬರೆಯುತ್ತೇನೆ: ಕತ್ತರಿ ಬಿಡುವುದಿಲ್ಲ. ಸಹಿ ಕೆಳಗಿದೆ. ಯಾಕೆ ಬಿಡುವುದಿಲ್ಲ ಎಂಬುದನ್ನು ಮುಂದೆ ಬರೆದಿದ್ದೇನೆ. ಬಾಯಾರಿದರೆ ಚಹಾ ಕುಡಿದು ಬಂದು ಓದು, ಆದರೆ ನಡುವೆ ಒಂದು ಸಾಲನ್ನೂ ನುಂಗಬೇಡ.

ಅಬ್ಬಾ, ಆರು ವರ್ಷದವಳಿದ್ದಾಗ ನಿಮ್ಮ ಕಟಿಂಗ್ ಮೇಜಿನ ಕೆಳಗೆ ಕೂತು ಗುಂಡಿ ಆರಿಸುತ್ತಿದ್ದೆ. ಎಂಟಕ್ಕೆ ಹುಕ್ಕು ಹಚ್ಚಿದೆ, ಹತ್ತಕ್ಕೆ ಕಾಜಾ ಮಾಡಿದೆ, ಹದಿಮೂರಕ್ಕೆ ಮಶೀನಿನ ಮೇಲೆ ಕೂತೆ. ಅಲ್ಲಿಗೆ ನನ್ನ ಮೆಟ್ಟಿಲು ಮುಗಿಯಿತು. ನಮ್ಮ ಮನೆತನದಲ್ಲಿ ಹೆಂಗಸರು ಹೊಲಿಯಬೇಕು, ಗಂಡಸರು ಕತ್ತರಿಸಬೇಕು. ನಾನು ಯಾಕೆಂದು ಕೇಳಿದಾಗ 'ಹೊಲಿಯೋದು ಕೈ ಕೆಲಸ, ಕತ್ತರಸೋದು ತಲಿ ಕೆಲಸ ಬೇ' ಎಂದಿರಿ. ನನಗೇನು ತಲೆ ಇಲ್ಲವೇ ಎಂದು ಕೇಳಿದೆ. ನೀವು ನಕ್ಕು ಪೆಪ್ಪರಮಿಂಟ್ ಕೊಟ್ಟಿರಿ. ಅದನ್ನು ತಿಂದೆ, ಸುಳ್ಳು ಯಾಕೆ ಹೇಳಲಿ. ಆದರೆ ಹತ್ತು ವರ್ಷವಾಯಿತು, ಆ ಪ್ರಶ್ನೆಗೆ ನೀವು ಇನ್ನೂ ಉತ್ತರ ಕೊಟ್ಟಿಲ್ಲ.

ನಿಮ್ಮ ಪದ್ಧತಿಯನ್ನು ನಾನು ಹೀಯಾಳಿಸುವವಳಲ್ಲ. ನಲವತ್ತು ವರ್ಷದಲ್ಲಿ ನೀವು ಯಾವ ಹೆಂಗಸಿನ ಮೈಗೂ ಟೇಪು ಹಿಡಿದವರಲ್ಲ. ಅವರು ಅಳತೆಯ ಕುಬಸ ಕಳಿಸುತ್ತಾರೆ, ನೀವು ಅದನ್ನು ಖಣದ ಬಟ್ಟೆಯ ಮೇಲಿಟ್ಟು ಸೀಮೆಸುಣ್ಣದಿಂದ ಸುತ್ತ ಒಂದು ಗೆರೆ ಎಳೆಯುತ್ತೀರಿ. ಅದು ಒಳಗೆರೆ, ಹೊಲಿಗೆ ಬೀಳುವ ಜಾಗ. ಅದರಿಂದ ಎರಡು ಬೆರಳು ಬಿಟ್ಟು ಹೊರಗೆರೆ, ಕತ್ತರಿ ನಡೆಯುವ ಜಾಗ. ಈ ಮರ್ಯಾದೆಗಾಗಿಯೇ ಟಿಕೋಟಾದಿಂದ ಬಬಲೇಶ್ವರದವರೆಗಿನ ಹೆಂಗಸರು ನಿಮ್ಮನ್ನು ಬಿಟ್ಟು ಬೇರೆಯವರ ಕಡೆ ಹೋಗುವುದಿಲ್ಲ. ಆದರೆ ಅಬ್ಬಾ, ಅಳತೆಯ ಕುಬಸ ಹೇಳುವುದು ಅವಳು ಸುಮ್ಮನೆ ನಿಂತಾಗ ಹೇಗಿರುತ್ತಾಳೆ ಎಂದಷ್ಟೇ. ನಮ್ಮ ಕಡೆಯ ಯಾವ ಹೆಂಗಸು ಸುಮ್ಮನೆ ನಿಂತಿರುತ್ತಾಳೆ? ನಾನಂತೂ ನೋಡಿಲ್ಲ.

ದುರಸ್ತಿಗೆ ಬರುವ ಹರಕು ಕುಬಸಗಳ ಬುಟ್ಟಿಯನ್ನು ನೀವು ನನಗೆ ಬಿಟ್ಟಿದ್ದಿರಿ, ಹುಡುಗಿಯರ ಕೆಲಸವೆಂದು. ನನ್ನ ವಿದ್ಯೆಯೆಲ್ಲ ಆ ಬುಟ್ಟಿಯಲ್ಲಿತ್ತು. ಮೆಟ್ರಿಕ್ ಮುಗಿದ ವರ್ಷದಿಂದ ಒಂದು ನೋಟುಬುಕ್ಕು ಇಟ್ಟಿದ್ದೇನೆ, ನೀವು ಅದನ್ನು ಹಾಡಿನ ಪುಸ್ತಕವೆಂದು ತಿಳಿದಿದ್ದೀರಿ. ಯಾವ ಕುಬಸ ಎಲ್ಲಿ ಹರಿಯಿತು, ತೊಟ್ಟವಳ ಕೆಲಸವೇನು ಎಂದು ಚಿತ್ರ ಬಿಡಿಸಿ ಬರೆದಿದ್ದೇನೆ. ರೊಟ್ಟಿ ಬಡಿಯುವವಳದು ಬಲಬಗಲಲ್ಲಿ ಬಿಡುತ್ತದೆ. ಕೊಡ ಹೊರುವವಳದು ಎಡಭುಜದಲ್ಲಿ ಸವೆಯುತ್ತದೆ. ಹತ್ತಿ ಬಿಡಿಸುವವಳದು ಬೆನ್ನಿನ ನಡುವೆ ಸೀಳುತ್ತದೆ. ಹೋದ ಫೆಬ್ರುವರಿಯಲ್ಲಿ ಅಮ್ಮನ ತವರು ಬಿಜ್ಜರಗಿಗೆ ಹೋದಾಗ ದ್ರಾಕ್ಷಿ ಚಪ್ಪರದ ಕೆಳಗೆ ಗೊನೆ ಕೊಯ್ಯುವ ದುಂಡವ್ವನನ್ನು ಕಂಡೆ. ದಿನವೆಲ್ಲ ಕೈ ಮೇಲೆತ್ತಿಯೇ ಇರಬೇಕು. ಅವಳ ಎರಡೂ ಬಗಲು ಬಿಟ್ಟಿದ್ದವು. ಕೂಲಿಯವರ ಮೇಲಿನ ಮುಕಾದಮ ಆ ಕಡೆ ಬಂದರೆ ಸಾಕು, ಕೈ ಇಳಿಸಿ ಸೆರಗು ಎಳೆದುಕೊಳ್ಳುತ್ತಿದ್ದಳು. 'ಹೊಸಾದು ಹೊಲಸಿದ್ರೂ ಎಂಟ ದಿನಕ್ಕ ಹಿಂಗ ಆಕ್ಕೈತಿ ಯವ್ವಾ, ನಮ್ಮ ಮೈನ ಸರಿ ಇಲ್ಲ' ಎಂದಳು. ನನಗೆ ಎಂಥ ಸಿಟ್ಟು ಬಂತೆಂದರೆ ಕೈಯಲ್ಲಿದ್ದ ಗೊನೆಯನ್ನು ಬುಟ್ಟಿಗೆ ಎಸೆದುಬಿಟ್ಟೆ. ಅವಳ ಮೈ ಸರಿಯಾಗಿಯೇ ಇದೆ ಅಬ್ಬಾ. ಕಟಿಂಗು ಸರಿ ಇಲ್ಲ.

ಸಿನಿಮಾ ನೋಡಿ ಬಂದ ಹುಡುಗಿಯರು ಆ ನಟಿಯಂಥ ತೋಳು, ಈ ನಟಿಯಂಥ ಕೊರಳು ಬೇಕೆಂದು ಕೇಳುತ್ತಾರಲ್ಲ, ಆ ನಟಿಯರು ಸೌದೆ ಒಡೆಯುತ್ತಾರೆಯೇ? ನಾನು ಹೊಸದನ್ನು ಹುಡುಕಲು ಹೋದದ್ದು ಆಶಾಬಿ ದಾದಿಯ ಟ್ರಂಕಿಗೆ. ನಿಮ್ಮ ತಾಯಿಯ ಹಳೆಯ ಕುರ್ತಾದ ಬಗಲಲ್ಲಿ ಅಂಗೈ ಅಗಲದ ಒಂದು ಚೌಕ ಬಟ್ಟೆ ಇರುತ್ತದೆ, ಚೌಬಗಲಾ. ಕೈ ಎತ್ತಿದರೆ ಅದು ಬಿಚ್ಚಿಕೊಳ್ಳುತ್ತದೆ, ಇಳಿಸಿದರೆ ಮಡಚಿ ಕೂರುತ್ತದೆ. ಅದು ಹೇಗೆ ಕೂತಿದೆಯೆಂದು ನೋಡಲು ಹನ್ನೊಂದನೆಯ ವಯಸ್ಸಿನಲ್ಲೇ ಒಂದನ್ನು ಬಿಚ್ಚಿ, ಮತ್ತೆ ಹೊಲಿಯಲು ಬಾರದೆ, ಬೆಕ್ಕು ಹರಿಯಿತೆಂದು ಹೇಳಿದ್ದೆ. ಆ ಬೆಕ್ಕು ನಾನೇ. ನೀವು ಚೌಬಗಲಾ ಬಿಟ್ಟಿರಿ, ಹಳೇ ಪದ್ಧತಿ ಅಂದಿರಿ. ನಾನು ಅದನ್ನು ಖಣದ ಕುಬಸಕ್ಕೆ ತರಬೇಕೆಂದು ಹಳೇ ಪೇಪರ್ ಕತ್ತರಿಸಿ ಕತ್ತರಿಸಿ ಎರಡು ವರ್ಷ ಕಳೆದೆ. ಬಟ್ಟೆಗೆ ಕತ್ತರಿ ಹಾಕಲು ನನಗೆ ಅಪ್ಪಣೆ ಇರಲಿಲ್ಲವಲ್ಲ.

ಈಗ ಕಾಖಂಡಕಿಯ ಮಾತಿಗೆ ಬರುತ್ತೇನೆ. ಬುಡ್ಡೇಸಾಬಣ್ಣಾ, ಇಲ್ಲಿ ದನಿ ತಗ್ಗಿಸಬೇಡ, ನನ್ನ ಅವಮಾನ ನನಗೇ ಗೊತ್ತಿದೆ. ಆ ಊರಿನ ಚಂದ್ರಾಬಾಯಿಯವರು ಮಗಳು ಸಖೂನ ಮದುವೆಗೆಂದು ಗುಳೇದಗುಡ್ಡದಿಂದ ತರಿಸಿದ ಹನ್ನೊಂದು ಖಣ ತಂದಿಟ್ಟಿದ್ದರು. ಹೋದ ತಿಂಗಳ ಇಪ್ಪತ್ತಕ್ಕೆ, ಬುಧವಾರ, ನೀವು ಗುರುತು ಹಾಕಿ, ಒಂದರ ಮೇಲೊಂದು ಥಪ್ಪಿ ಹಚ್ಚಿ, ಕತ್ತರಿಸಿ ಗಂಟು ಕಟ್ಟಿಟ್ಟು, ಟಿಕೋಟಾಕ್ಕೆ ಮೌತಿಗೆಂದು ಮಣ್ಣು ಕೊಡಲು ಹೋದಿರಿ. ಶುಕ್ರವಾರ ನೀವು ಬಸ್ ಇಳಿದು ಬರುವುದಕ್ಕೂ ಚಂದ್ರಾಬಾಯಿ ಬಂದು ಗಂಟು ಬಿಚ್ಚುವುದಕ್ಕೂ ಸರಿಹೋಯಿತು. ಹನ್ನೊಂದೂ ಖಣ ಒಳಗೆರೆಯ ಮೇಲೆ ಕತ್ತರಿಸಿದ್ದವು. ಎಲ್ಲ ಕಡೆಗೂ ಎರಡೆರಡು ಬೆರಳು ಕಡಿಮೆ. ಹೊಲಿದರೆ ಹತ್ತು ವರ್ಷದ ಹುಡುಗಿಗೂ ಆಗುವಂತಿರಲಿಲ್ಲ. ಚಂದ್ರಾಬಾಯಿ ಎದೆಯ ಮೇಲೆ ಕೈ ಇಟ್ಟುಕೊಂಡು 'ಯಾರ ಕೈರಿ ಇದು, ಬಾಬುಸಾಬ?' ಎಂದರು. ನೀವು ಬಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಿರಿ. ನಾನು ನಡುವೆ ಬಂದು 'ನಂದ್ರಿ. ಅಂಚು ನೀಟ ಮಾಡಾಕ ಹೋಗಿ ಒಳಗೆರಿ ಮ್ಯಾಲ ಕತ್ತರಿ ಹಾಕೀನ್ರಿ' ಎಂದೆ. ಆ ಮಾತನ್ನು ಇವತ್ತಿಗೂ ಹಿಂದಕ್ಕೆ ತೆಗೆದುಕೊಂಡಿಲ್ಲ.

ನೀವು ಎಲ್ಲರೆದುರು 'ನಲವತ್ತ ವರ್ಷದಾಗ ಒಂದ ಚೂರ ಬಟ್ಟಿ ಕೆಟ್ಟಿಲ್ಲ ನನ್ನ ಕೈಯಾಗ. ಹೆಣ್ಣ ಕೈಗೆ ಕತ್ತರಿ ಹೋತು, ಅಂಗಡಿ ಮಣ್ಣಾತು' ಎಂದಿರಿ. ನುಂಗಿಕೊಂಡೆ. ಆದರೆ ಚಂದ್ರಾಬಾಯಿ ಅಳುತ್ತಿದ್ದರು, ಮದುವೆಗೆ ಐದೇ ದಿನವಿತ್ತು, ಅಂಥ ಖಣ ಮತ್ತೆ ಎಲ್ಲಿ ಸಿಗಬೇಕು? ಆಗ ನಾನು ಹೇಳಿದೆ, ನಾಲ್ಕು ದಿನ ಕೊಡಿ, ಕಾಖಂಡಕಿಗೆ ಬಂದು ಸಖೂನ ಮೈ ಅಳತೆ ನಾನೇ ತೆಗೆದುಕೊಂಡು ಈ ತುಂಡುಗಳಿಂದಲೇ ಹನ್ನೊಂದೂ ಹೊಲಿದು ಕೊಡುತ್ತೇನೆ ಎಂದು. ನೀವು ಬಾಗಿಲಿಗೆ ಅಡ್ಡ ನಿಂತು 'ಬಸ್ ಹತ್ತಿದ್ರ ನಾ ಈ ಮನ್ಯಾಗ ಇರಂಗಿಲ್ಲ' ಎಂದಿರಿ. ನಿಮ್ಮ ಮಾತನ್ನು ಅಲ್ಲಿಯವರೆಗೆ ಒಮ್ಮೆಯೂ ಮೀರಿರಲಿಲ್ಲ, ಅಲ್ಲಾನಾಣೆ. ಆವತ್ತು ಮೀರಿದೆ. ನಿಮ್ಮ ಪಕ್ಕದಿಂದ ಸರಿದು ಹೋಗಿ ಬಸ್ ಹತ್ತಿದೆ. ತಿರುಗಿ ಬಂದಾಗ ಗೂಟದಲ್ಲಿ ನಿಮ್ಮ ಟೋಪಿ ಇರಲಿಲ್ಲ.

ಕಾಖಂಡಕಿಯಲ್ಲಿ ಏನು ಮಾಡಿದೆನೆಂದು ನೀವು ಕೇಳಲೇ ಇಲ್ಲ, ಹೇಳುತ್ತೇನೆ ಕೇಳಿ. ಸಖೂನನ್ನು ನಿಲ್ಲಿಸಿ ಅಳತೆ ತೆಗೆದುಕೊಂಡೆ. ಆಮೇಲೆ ಕೈ ಎತ್ತಿಸಿದೆ, ಬಗ್ಗಿಸಿದೆ, ಬೀಸುವ ಕಲ್ಲಿನ ಮುಂದೆ ಕೂರಿಸಿದೆ, ಕೊಡ ಎತ್ತಿಸಿದೆ, ಒಂದೊಂದಕ್ಕೂ ಬೇರೆ ಅಳತೆ ಬರೆದುಕೊಂಡೆ. ಅವರ ಮನೆಯ ಮುದುಕಿ ನಕ್ಕು ನಕ್ಕು 'ಇಕಿ ಅಳತಿ ತಗೊಳ್ಳಾಕತ್ತಾಳೋ, ಕವಾಯತ್ ಮಾಡಸಾಕತ್ತಾಳೋ?' ಎಂದಳು. ಆಮೇಲೆ ಅದೇ ಖಣಗಳನ್ನು ಕತ್ತರಿಸುವಾಗ ಚೂರಿನ ಬುಟ್ಟಿಗೆ ಬಿದ್ದು ಮಿಕ್ಕಿದ್ದ, ನಾನು ಜೊತೆಗೆ ಒಯ್ದಿದ್ದ ಕತ್ತರಿಕೆಗಳನ್ನೆಲ್ಲ ನೆಲದ ಮೇಲೆ ಹರಡಿದೆ. ಕೆಂಪಿಗೆ ಕೆಂಪನ್ನೇ ಹಚ್ಚಿ ಮುಚ್ಚಿದ್ದರೆ ಅದು ತೇಪೆ. ನಾನು ಕೆಂಪಿಗೆ ಹಸಿರು ಹಚ್ಚಿದೆ, ಹಸಿರಿಗೆ ಕುಂಕುಮ ಬಣ್ಣ, ಅದಕ್ಕೆ ಅರಿಶಿಣ, ಬಗಲಿನಲ್ಲಿ ಚೌಬಗಲಾ ಕೂರಿಸಿ ಅದೇ ಪಟ್ಟಿಯನ್ನು ಪಕ್ಕೆಯುದ್ದಕ್ಕೂ ಇಳಿಸಿದೆ. ಹನ್ನೊಂದು ಕುಬಸದಲ್ಲಿ ಒಂದೊಂದರಲ್ಲೂ ಇನ್ನೊಂದರ ತುಂಡು. ಚಂದ್ರಾಬಾಯಿ ಮೊದಲು 'ಮದವಿ ಹುಡಿಗಿಗೆ ತ್ಯಾಪಿ ಕುಬಸ ತೊಡಸಲೇನ?' ಎಂದು ಮುಖ ತಿರುಗಿಸಿದರು. 'ತ್ಯಾಪಿ ಅಲ್ರಿ, ಇದನ್ನ ಹಿಂಗ ಹೊಲಿಯೋದು' ಎಂದೆ. ಹಾಗೆ ಯಾರೂ ಎಂದೂ ಹೊಲಿದಿರಲಿಲ್ಲ. ನಾನೇ ಮೊದಲು.

ಬಬಲೇಶ್ವರದ ವರ ಬಾಗಿಲ ಚೌಕಟ್ಟಿಗೆ ತಲೆ ತಗಲುವಷ್ಟು ಎತ್ತರ. ಮದುವೆಯಲ್ಲಿ ಮಾಲೆ ಹಾಕುವ ಹೊತ್ತಿಗೆ ಅವನ ಗೆಳೆಯರು ಅವನನ್ನು ಇನ್ನೂ ಮೇಲಕ್ಕೆತ್ತಿ ಸತಾಯಿಸಿದರಂತೆ. ಸಖೂ ಎರಡೂ ಕೈ ಮೇಲೆತ್ತಿ ಒಂದೇ ಜಿಗಿತಕ್ಕೆ ಮಾಲೆ ಹಾಕಿದಳಂತೆ. ಬೇರೆ ಹುಡುಗಿಯರು ಆ ಹೊತ್ತಿಗೆ ಒಂದು ಕೈಯಲ್ಲಿ ಮಾಲೆ ಹಿಡಿದು ಇನ್ನೊಂದು ಕೈಯಿಂದ ಕುಬಸ ಕೆಳಗೆಳೆಯುತ್ತಾರೆ. ಸಖೂನ ಕುಬಸ ಒಂದು ಎಳೆ ಮೇಲೆ ಸರಿಯಲಿಲ್ಲ, ಒಂದು ಟಾಕು ಹೊಲಿಗೆಯೂ ಬಿಡಲಿಲ್ಲ. ಅದನ್ನು ಕಂಡವರು ಗಂಡಸರಲ್ಲ, ಅಡುಗೆಯ ಹೆಂಗಸರು. ಮರುದಿನವೇ ಮೂವರು ಅಂಗಡಿಗೆ ಬಂದರು. ಈಗ ಕಪಾಟಿನಲ್ಲಿ ಹದಿನೇಳು ಖಣ ಕಾದಿವೆ. ಬಂದವರು ಅಳತೆಯ ಕುಬಸ ತಂದಿಲ್ಲ, ತಾವೇ ಬಂದಿದ್ದಾರೆ. ಒಳಕೋಣೆಯ ಪರದೆಯ ಹಿಂದೆ ನಿಂತು ಕೈ ಎತ್ತುತ್ತಾರೆ, ನಗುತ್ತಾರೆ, ಯಾವ ಕೆಲಸಕ್ಕೆ ಎಲ್ಲಿ ಬಿಗಿಯುತ್ತದೆಂದು ತಾವೇ ಹೇಳುತ್ತಾರೆ. ಇಷ್ಟು ವರ್ಷ ಯಾರೂ ಅವರನ್ನು ಕೇಳಿರಲಿಲ್ಲ.

ಹೆಸರು ಬಂತೇ ಎಂದರೆ, ಇಲ್ಲ. ಓಣಿಯ ಮಾತು ಬೇರೆಯೇ ಇದೆ. 'ಕೆಡಿಸಿದಾಕಿನ ಸರಿ ಮಾಡ್ಯಾಳ, ಅದರಾಗ ಏನ ದೊಡ್ಡಸ್ತಿಕಿ? ಅಪ್ಪನ ಓಡಿಸಿ ಅಂಗಡಿ ಹಿಡದಾಳ' ಎನ್ನುತ್ತಾರೆ. ನೀರಿನ ನಳದ ಬಳಿ ನಾನು ಹೋದರೆ ಮಾತು ನಿಲ್ಲುತ್ತದೆ. ನೋವಾಗುತ್ತದೆ ಅಬ್ಬಾ, ಆಗುವುದಿಲ್ಲವೆಂದು ಹೇಳಲಾರೆ. ನನ್ನ ಮೊದಲ ಕೆಲಸದ ಹಿಂದೆಯೇ ಒಂದು ಕೆಟ್ಟ ಹೆಸರೂ ಬಂದು ಅಂಟಿಕೊಂಡಿತು. ಇರಲಿ. ಹದಿನೇಳರಿಂದ ತೊಳೆಯದಿದ್ದರೆ ನೂರಾ ಎಪ್ಪತ್ತರಿಂದ ತೊಳೆದೇನು.

ನನಗೇನು ಬೇಕೆಂದು ಒಂದು ಸಲವಾದರೂ ಕೇಳಿಸಿಕೊಳ್ಳಿ. ಹೊಲಿದಿಟ್ಟ ಕುಬಸಗಳು ಅಂಗಡಿಯಲ್ಲಿ ತೂಗಬೇಕು, ರೊಟ್ಟಿಯವಳಿಗೆ ಬೇರೆ, ಕೊಡದವಳಿಗೆ ಬೇರೆ, ಚಪ್ಪರದವಳಿಗೆ ಬೇರೆ, ಹಾಲೂಡುವ ತಾಯಿಗೆ ಬೇರೆ. ದುಂಡವ್ವನಂಥವಳು ಸಂತೆಗೆ ಬಂದಾಗ ತನ್ನ ಕೆಲಸದ ಹೆಸರು ಹೇಳಿ ಕುಬಸ ಕೊಳ್ಳಬೇಕು. ಮುಂಬಯಿಯ ಅಂಗಡಿಗಳಲ್ಲಿ ಗಾಜಿನ ಹಿಂದೆ ಗೊಂಬೆಗೆ ಬಟ್ಟೆ ತೊಡಿಸಿ ನಿಲ್ಲಿಸುತ್ತಾರಂತೆ. ನಾನೂ ಸೊಲ್ಲಾಪುರ ರಸ್ತೆಯಲ್ಲಿ ಒಂದು ಗೊಂಬೆ ನಿಲ್ಲಿಸುತ್ತೇನೆ, ಆದರೆ ಅದರ ಎರಡೂ ಕೈ ಮೇಲೆತ್ತಿರಬೇಕು. ಒಂದು ದಿನ ಮುಂಬಯಿಯವರು ಈ ಗೊಂಬೆಯನ್ನು ನೋಡಲು ಇಲ್ಲಿಗೆ ಬರಲಿ. ಬುಡ್ಡೇಸಾಬಣ್ಣಾ, ನಗುತ್ತಿದ್ದೀಯ ಅಲ್ಲವೇ? ನಕ್ಕು ಮುಗಿಸಿ ಮುಂದಿನ ಸಾಲು ಓದು. ಕೀಲಿ ಕೊಟ್ಟರೆ ಕೊಡಲಿ, ನೀನು ಬಂದು ಅಂಗಡಿ ತೆಗೆ. ನಾನು ಅಮ್ಮನ ಪಡಸಾಲೆಯಲ್ಲಿ ಮಶೀನು ಹಾಕುತ್ತೇನೆ. ಪಡಸಾಲೆಗೂ ಬೀಗ ಬಿದ್ದರೆ ಬೇವಿನ ಮರದ ಕೆಳಗೆ ಕೂರುತ್ತೇನೆ. ಹೆಂಗಸರು ಅಲ್ಲಿಗೇ ಬರುತ್ತಾರೆ.

ಅತ್ತೆಗೆ ನನ್ನ ಸಲಾಂ ಮುಟ್ಟಿಸಿ. ಅಬ್ಬಾ, ನಿಮ್ಮ ಕೈಗೆ ಮುತ್ತಿಡುತ್ತೇನೆ, ನಾನು ಕಲಿತದ್ದೆಲ್ಲ ಆ ಕೈಯನ್ನು ನೋಡಿಯೇ. ಅಲ್ಲಾಹ್ ನಿಮಗೆ ನೂರು ವರ್ಷ ಕೊಡಲಿ, ಅದರಲ್ಲಿ ತೊಂಬತ್ತೊಂಬತ್ತು ನನ್ನ ಮೇಲೆ ಸಿಟ್ಟಾಗಿಯೇ ಇದ್ದರೂ ನಡೆಯುತ್ತದೆ. ಇದನ್ನು ಟಪಾಲಿಗೆ ಹಾಕದೆ ಮುಂಜಾನೆಯ ಸೊಲ್ಲಾಪುರ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಬುಡ್ಡೇಸಾಬಣ್ಣಾ, ಇದರ ಜೊತೆ ನಾಲ್ಕೂ ಕಡೆ ದಾರದಿಂದ ಹೊಲಿದ ಒಂದು ಚೀಟಿ ಇದೆ. ಅದು ಅಬ್ಬಾನಿಗೆ ಮಾತ್ರ. ನೀನು ಬಿಚ್ಚಿ ಮತ್ತೆ ಹೊಲಿದರೆ ಟಾಕು ನೋಡಿದ ಕೂಡಲೇ ನನಗೆ ತಿಳಿಯುತ್ತದೆ.

ನಿಮ್ಮ ಮಗಳು,
ನಜಮಾ ಬಾಬುಸಾಬ
ಕಟಿಂಗ್ ಮಾಸ್ತರ

(ಹೊಲಿದ ಚೀಟಿ)

ತಾ.ಕ.: ಅಬ್ಬಾ, ಇದನ್ನು ನೀಲಿ ಪೆನ್ಸಿಲಿನಿಂದ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಅಂಗಳದ ಬಿಸಿಲಿಗೆ ಹೋಗಿ ನೀವೇ ಓದಿ, ಯಾರ ಕೈಗೂ ಕೊಡಬೇಡಿ. ಆ ಖಣಗಳಿಗೆ ನಾನು ಕತ್ತರಿ ಹಾಕಿರಲಿಲ್ಲ. ನೀವು ಟಿಕೋಟಾಕ್ಕೆ ಹೋದ ಮರುದಿನ ಮುಂಜಾನೆ ನಾನು ಗಂಟು ಬಿಚ್ಚಿದಾಗಲೇ ಅವು ಹಾಗಿದ್ದವು. ಬುಟ್ಟಿಯಲ್ಲಿದ್ದ ಕತ್ತರಿಕೆಗಳ ನಡುವೆ ನಿಮ್ಮ ಹೊರಗೆರೆ ಇಡಿಯಾಗಿ ಉಳಿದಿತ್ತು, ಅದರ ಮೇಲೆ ಕತ್ತರಿ ಬಿದ್ದೇ ಇರಲಿಲ್ಲ. ನಿಮಗೆ ಆ ಗೆರೆ ಕಾಣಲಿಲ್ಲ. ಎರಡು ವರ್ಷದಿಂದ ಸೂಜಿಗೆ ದಾರ ನಾನೇ ಪೋಣಿಸುತ್ತಿದ್ದೇನೆ, ಬಂದ ಕಾಗದ ನಾನೇ ಓದುತ್ತಿದ್ದೇನೆ, ನೀವು ಬೆಳಕು ಕಡಿಮೆ ಎನ್ನುತ್ತೀರಿ, ನಾನು ಹೌದು ಎನ್ನುತ್ತೇನೆ. ಚಂದ್ರಾಬಾಯಿ ಕೇಳಿದಾಗ ನಿಮ್ಮ ಮುಖ ನೋಡಿದೆ, ನಿಜ ಹೇಳಲು ಆಗಲಿಲ್ಲ. ಅಮ್ಮನಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಮಿರಜಿನಲ್ಲಿ ಕಣ್ಣಿನ ಪೊರೆ ತೆಗೆಯುತ್ತಾರೆ, ನಾನು ಕರೆದುಕೊಂಡು ಹೋಗುತ್ತೇನೆ. ಕಣ್ಣು ಸರಿಯಾದ ಮೇಲೂ ಕತ್ತರಿ ಬಿಡುವುದಿಲ್ಲ, ಆ ಜಗಳ ಆಮೇಲೆ ಮಾಡೋಣ. ಈ ಗುರುವಾರ ಸೇಠರ ಬಟ್ಟೆ ಮುಟ್ಟಬೇಡಿ. ಮೊಣಕಾಲು ಹಿಡಿದಿದೆ ಎನ್ನಿ, ಮಗಳು ಸಾಯಾಕತ್ತಾಳ ಎನ್ನಿ, ಏನಾದರೂ ಹೇಳಿ ಬುಧವಾರದ ಬಸ್ ಹತ್ತಿ. ಅಲ್ಲಿ ಗೆರೆ ತಪ್ಪಿದರೆ ಆ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುವವರು ಯಾರೂ ಇಲ್ಲ.